ಏರಿಸಿ ಕೂಗಿದ ಹೆಸರು

ಎರಡೂ ಅಂಗೈಗಳನ್ನು ಬಾಯಿಯ ಪಕ್ಕ ಗೂಡಿನಂತೆ ಹಿಡಿದು, ಗಾಳಿ ಕೆನ್ನೆಯಿಂದ ಬೆನ್ನಿಗೆ ತಿರುಗುವ ತನಕ ಕಾಯಬೇಕು. ತಾತ ನನಗೆ ಕಲಿಸಿದ ಕೂಗಿನ ಮೊದಲ ಪಾಠ ಇದು.

ಆಗ ನಮ್ಮ ಹಟ್ಟಿಗೆ ಟೆಲಿಫೋನು ಬಂದ ಹೊಸದು. ಚಳ್ಳಕೆರೆ ಸುತ್ತಿನ ಹಟ್ಟಿಗಳಲ್ಲಿ ಬೆಳೆದವರಿಗೆ ನೆನಪಿರಬಹುದು, ಊರಿಗೆಲ್ಲ ಒಂದೇ ಫೋನು, ಅದೂ ಅಂಗಡಿಯಲ್ಲಿ. ದಿಲ್ಲಿಯ ಮಾತು ಅಂಗಡಿಯವರೆಗೆ ತಂತಿಯಲ್ಲಿ ಬರುತ್ತಿತ್ತು. ಅಲ್ಲಿಂದ ಹುಲ್ಲಿನ ಕಾವಲಿನಲ್ಲಿ ಕುರಿ ಮೇಯಿಸುವವರ ತನಕ ನಮ್ಮ ಗಂಟಲಲ್ಲೇ ಹೋಗಬೇಕಿತ್ತು. ಅಷ್ಟು ದೂರ ಸುದ್ದಿ ಹೋಗುವುದಿಲ್ಲ, ಹೆಸರು ಮಾತ್ರ ಹೋಗುತ್ತದೆ. ಹೆಸರಿನ ತುದಿಯಲ್ಲಿ ದನಿ ಇಳಿದರೆ ಮನೆಯಲ್ಲಿ ಸಾವು, ಏರಿದರೆ ಶುಭ. ನಡುವೆ ಇದ್ದ ಕುರಿಗಾಹಿಗಳು ಅದನ್ನು ಹಾಗೆಯೇ ಎತ್ತಿ ಮುಂದಕ್ಕೆ ದಾಟಿಸುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಕುಂಟೆಬಿಲ್ಲೆ ಆಡುತ್ತಿದ್ದೆ. ಅಂಗಡಿಯ ಬಸಣ್ಣ ಶೇಂಗಾ ಎಣ್ಣೆಯ ಕೈಯನ್ನು ಪಂಚೆಗೆ ಒರೆಸುತ್ತ ಓಡಿ ಬಂದ. ಚಿಕ್ಕವ್ವ ಬೋರಮ್ಮನಿಗೆ ಚಿತ್ರದುರ್ಗದಿಂದ ಗೆಳತಿಯ ಫೋನು. ನರ್ಸಿಂಗ್ ತರಬೇತಿಯಲ್ಲಿ ಒಂದು ಸೀಟು ಖಾಲಿಯಾಗಿದೆ. ನಾಳೆ ಬೆಳಗ್ಗೆ ಬರದಿದ್ದರೆ ಬೇರೆಯವರ ಪಾಲು. ಸಂಜೆಯ ಬಸ್ಸು ತಪ್ಪಿದರೆ ಮತ್ತೆ ಬಸ್ಸಿಲ್ಲ. ಚಿಕ್ಕವ್ವ ಕಾವಲಿನ ಆಚೆ ತುದಿಯಲ್ಲಿದ್ದಳು. ತಾತನಿಗೆ ದಮ್ಮು. ಮನೆಯಲ್ಲಿ ಉಳಿದ ಗಂಟಲು ನನ್ನದೊಂದೇ.

ಊರ ಮುಂದಿನ ಗುಂಡುಬಂಡೆ ಹತ್ತಿದೆ.

“ಇಳಿಸಿ ಕೂಗವ್ವ,” ಅಂದ ಬಸಣ್ಣ. “ಏರಿಸಿದ್ರೆ ಕುರಿ ಹೊಡ್ಕಂಡು ನಿಧಾನಕ್ಕೆ ಬರ್ತಾಳೆ. ಇಳಿಸಿದ್ರೆ ಎದ್ದೂಬಿದ್ದೂ ಓಡ್ಬರ್ತಾಳೆ.”

“ಲೇ ಬಸ್ಯಾ, ನಂಗಿನ್ನೂ ಉಸಿರೈತೆ ಕಣಲೇ!” ಬಂಡೆಯ ಕೆಳಗಿನಿಂದ ತಾತ ರೇಗಿದ. “ಈವತ್ತು ಸುಳ್ಳು ಕೂಗಿದ್ರೆ ನಾನ್ ಸತ್ತ ದಿನ ಯಾರಲೇ ನಂಬ್ತಾರೆ? ನೀನು ಏರಿಸೇ ಕೂಗವ್ವ. ಬಿಡಬ್ಯಾಡ.”

“ಬೋರೀ…”

ಕೂಗಿನಲ್ಲಿ ಅಕ್ಕ, ಚಿಕ್ಕವ್ವ ಎನ್ನುವ ಮರ್ಯಾದೆಗೆ ಜಾಗವಿರಲಿಲ್ಲ. ಉತ್ತರ ಬರಲಿಲ್ಲ. ಮತ್ತೆ ಕೂಗಿದೆ, ಮತ್ತೆ. ಗಂಟಲು ಬಿರಿದು ಹೆಸರಿನ ತುದಿ ಇಳಿಯಲು ನೋಡುತ್ತಿತ್ತು; ಹಿಮ್ಮಡಿ ಎತ್ತಿ, ಹೊಟ್ಟೆಯಿಂದ ಅದನ್ನು ಮೇಲಕ್ಕೆ ತಳ್ಳುತ್ತಿದ್ದೆ. ಒಮ್ಮೆ ಇಳಿದರೂ ಚಿಕ್ಕವ್ವ ದಾರಿಯುದ್ದಕ್ಕೂ ತಾತನಿಗಾಗಿ ಅಳುತ್ತ ಬರುತ್ತಾಳೆ. ಕೊನೆಗೆ ಜಾಲಿಮರಗಳ ಆಚೆ ಒಂದು ಗಂಡುದನಿ ಅದೇ ಹೆಸರನ್ನು ಅದೇ ಏರಿನಲ್ಲಿ ಎತ್ತಿಕೊಂಡಿತು. ಅದರಾಚೆ ಇನ್ನೊಂದು, ನೊಣದ ಸದ್ದಿನಷ್ಟು ಸಣ್ಣಗೆ. ಆದರೂ ನಾನು ನಿಲ್ಲಿಸಲಿಲ್ಲ.

ಬಸ್ಸಿಗೆ ಇನ್ನೂ ಹೊತ್ತಿರುವಾಗಲೇ ಚಿಕ್ಕವ್ವ ಸೆರಗು ಸೊಂಟಕ್ಕೆ ಬಿಗಿದು ಓಡಿ ಬಂದಳು. ಕುರಿಗಳನ್ನು ಕೂಗು ದಾಟಿಸಿದ ಕುರಿಗಾಹಿಯೊಬ್ಬನಿಗೆ ಒಪ್ಪಿಸಿದ್ದಳು. ಮುಖದ ತುಂಬ ನಗು.

“ಬರೇ ಶುಭಕ್ಕೆ ಯಾರೂ ಹಿಂಗೆ ಬಡ್ಕಳಲ್ಲ, ಏನೋ ಅವಸರ ಐತೆ ಅನ್ಕಂಡೆ. ಏನೇ ಅದು?”

ಹೇಳಲು ಬಾಯಿ ತೆರೆದೆ. ಗಾಳಿ ಮಾತ್ರ ಬಂತು. ಬಸಣ್ಣನೇ ಹೇಳಿದ. ಅವಳು ಬಸ್ಸು ಹತ್ತಿದಳು.

ಚಿಕ್ಕವ್ವ ಈಗ ಹಿರಿಯ ನರ್ಸು. ಅವಳ ಹೆಸರು ನನ್ನ ಮೊಬೈಲಿನಲ್ಲಿ ಬೆಳಗಿದಾಗ ಒಳ್ಳೆಯದೋ ಕೆಟ್ಟದ್ದೋ ಎತ್ತುವ ತನಕ ತಿಳಿಯುವುದಿಲ್ಲ. ಎಲ್ಲ ಸುದ್ದಿಗೂ ಒಂದೇ ಗಂಟೆಯ ಸದ್ದು. ಕಾವಲಿನ ಸುತ್ತ ಬೇಲಿ ಎದ್ದಿದೆ. ಗುಂಡಿನ ಮೇಲೆ ನಿಂತು ಕೂಗಿದರೂ ಎತ್ತಿ ದಾಟಿಸುವವರಿಲ್ಲ. ಕೆಲಸದ ಕಡೆ ನನ್ನನ್ನು ಮೆಲುದನಿಯವಳು ಅನ್ನುತ್ತಾರೆ. ನಾನು ತಿದ್ದಲು ಹೋಗಿಲ್ಲ.

ಅಂದು ಕೂಗಿದ ಮರುದಿನ ಬೆಳಗ್ಗೆ ಶಾಲೆಯಲ್ಲಿ ಹಾಜರಿ ಕರೆದರು. ನನ್ನ ಹೆಸರು ಬಂದಾಗ ದನಿ ಹೊರಡಲಿಲ್ಲ. ಎದ್ದು ನಿಂತು, ಹಿಮ್ಮಡಿ ಎತ್ತಿ, ಕೈಯನ್ನು ಎಷ್ಟು ಮೇಲಕ್ಕೆ ಹೋಗುತ್ತದೋ ಅಷ್ಟು ಮೇಲಕ್ಕೆ ಎತ್ತಿದೆ.