ಮಲ್ಲಣ್ಣನ ಎತ್ತುಗಳು, ಲಾಲಸಾಬರ ಹೊಲ

ಅದು 2022ರ ಏಪ್ರಿಲ್ ತಿಂಗಳ ಕೊನೆಯ ವಾರ. ನಾನು ಆಗ ಸೇಡಂ ತಾಲ್ಲೂಕಿನ ಒಂದು ಹೋಬಳಿಯ ಪಶು ಆಸ್ಪತ್ರೆಯಲ್ಲಿ ಪಶುವೈದ್ಯಾಧಿಕಾರಿಯಾಗಿದ್ದೆ. ಅದಕ್ಕೂ ಮೊದಲು ಚಿಂಚೋಳಿ, ಚಿತ್ತಾಪುರಗಳಲ್ಲಿ ಕೆಲಸ ಮಾಡಿದ್ದೆ. ಈ ಓಡಾಟ ನನಗೆ ಕಲಿಸಿದ್ದು ಸಂಶಯ ಪಡುವುದನ್ನು. ದನದ ಒಡೆಯ "ನಿನ್ನೆಯಿಂದ ಅಷ್ಟೇ ಆರಾಮಿಲ್ರಿ" ಅಂದರೆ ಒಂದು ವಾರ ಮನೆಮದ್ದು ಕುಡಿಸಿ, ಕೈಸೋತು ಬಂದಿದ್ದಾನೆ ಎಂದೇ ತಿಳಿಯಬೇಕು. ವಿಮೆ ಮಾಡಿಸಿದ ಎಮ್ಮೆ ಸತ್ತರೆ ನಾನು ಮೊದಲು ಅದರ ಕಿವಿಯಲ್ಲಿನ ಬಿಲ್ಲೆ ನೋಡುತ್ತೇನೆ, ಆಮೇಲೆ ಎಮ್ಮೆ ನೋಡುತ್ತೇನೆ. ನೀನು ಪೊಲೀಸ್ ಇಲಾಖೆಗೆ ಸೇರಬೇಕಿತ್ತು ಎಂದು ನನ್ನ ಗಂಡ ಚುಡಾಯಿಸುವುದುಂಟು.

ಆ ವರ್ಷ ರಂಜಾನ್ ಹಬ್ಬ ಮತ್ತು ಬಸವ ಜಯಂತಿ ಒಂದೇ ದಿನ ಬಿದ್ದಿದ್ದವು. ರಾಜ್ಯದಲ್ಲಿ ಆಗಲೇ ಹಿಂದೂ ಮುಸ್ಲಿಂ ಜಗಳದ ಗಾಳಿ ಬಿಸಿಯಾಗಿತ್ತು. ನಮ್ಮ ಕಡೆ ಬಸವ ಜಯಂತಿಗೆ ಎತ್ತುಗಳನ್ನು ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಜೂಲು ಹೊದಿಸಿ ಮೆರವಣಿಗೆ ಮಾಡುತ್ತಾರೆ. ಹಬ್ಬಕ್ಕೆ ಇನ್ನೂ ವಾರವಿರುವಾಗ ಒಂದು ಬೆಳಿಗ್ಗೆ ಆಡಕಿ ಕಡೆಯ ಹಳ್ಳಿಯೊಂದರಿಂದ ಫೋನ್ ಬಂತು. ಮಲ್ಲಣ್ಣ ಎಂಬ ರೈತನ ಎತ್ತುಗಳು ಹೊಲದಲ್ಲೇ ಬಿದ್ದಿವೆ, ಎರಡು ಸತ್ತಿವೆ, ಒಂದಕ್ಕೆ ಇನ್ನೂ ಉಸಿರಿದೆ. ಹೊಲ ಯಾರದು ಎಂದು ಕೇಳಿದೆ. ಅತ್ತ ಕಡೆಯವನು ತುಸು ತಡೆದು, "ಲಾಲಸಾಬಂದು" ಅಂದ. ಆ ತಡೆ ನನಗೆ ಹಿಡಿಸಲಿಲ್ಲ.

ಲಾಲಸಾಬರು ಅರವತ್ತು ದಾಟಿದ ರೈತರು. ಮಲ್ಲಣ್ಣನ ಹೊಲಕ್ಕೆ ಅವರ ಹೊಲ ಹೊಂದಿಕೊಂಡೇ ಇದೆ. ಜೋಳದ ರಾಶಿ ಮುಗಿದ ಮೇಲೆ ಆ ಸೀಮೆಯಲ್ಲಿ ಬೋಳು ಹೊಲಗಳು ಎಲ್ಲರ ದನಕ್ಕೂ ತೆರೆದಿರುತ್ತವೆ, ಯಾರೂ ಬೇಡ ಅನ್ನುವುದಿಲ್ಲ. ನಾನು ಹೋದಾಗ ಹೊಲದ ತುಂಬ ಜನ. ದೇವಣಿ ತಳಿಯ ಜೋಡಿಯಲ್ಲಿ ಒಂದು ಎತ್ತು ಮತ್ತು ಒಂದು ಹೋರಿ ಸತ್ತು ಬಿದ್ದಿದ್ದವು. ಜೋಡಿಯ ಇನ್ನೊಂದು ಎತ್ತು ಕುತ್ತಿಗೆ ಚಾಚಿ ಮಲಗಿ, ಬಾಯಿ ತೆರೆದು ಉಸಿರಿಗೆ ಒದ್ದಾಡುತ್ತಿತ್ತು. ಹೊಲದ ಮೂಲೆಯಲ್ಲಿ ಲಾಲಸಾಬರು ಕಟ್ಟಿಸಿದ ನೀರಿನ ತೊಟ್ಟಿ, ಅದರ ಪಕ್ಕದಲ್ಲೇ ಬದನೆಗೆ ಹೊಡೆಯುವ ಕೀಟನಾಶಕದ ಖಾಲಿ ಡಬ್ಬಿ. ಇಬ್ಬರಿಗೂ ಹದಿನೈದು ದಿನದ ಹಿಂದೆ ಜಗಳವಾಗಿತ್ತು, ಮಲ್ಲಣ್ಣನ ಬಂಡಿ ಹಾಯ್ದು ಲಾಲಸಾಬರ ನೀರಿನ ಪೈಪು ಒಡೆದಿತ್ತು, "ಇನ್ನೊಮ್ಮೆ ನಿನ್ನ ದನ ಇತ್ತ ಬಂದ್ರ ನೋಡು" ಎಂದು ಲಾಲಸಾಬರು ಕೂಗಾಡಿದ್ದರು. ಇಷ್ಟನ್ನೂ ಸ್ಟೆತಸ್ಕೋಪು ಹೊರಗೆ ತೆಗೆಯುವ ಮೊದಲೇ ನನ್ನ ಕಿವಿಗೆ ಹಾಕಿದರು. ಮುಚ್ಚಿಡುವುದೇಕೆ, ನನಗೂ ಅವರ ಮೇಲೇ ಅನುಮಾನ ಬಂತು. ಅವರು ತೊಟ್ಟಿಯ ಹತ್ತಿರ, ಇಬ್ಬರು ಕಾನ್‌ಸ್ಟೆಬಲ್‌ಗಳ ನಡುವೆ, ಉಪವಾಸದ ಒಣ ತುಟಿಯಲ್ಲಿ ಸುಮ್ಮನೆ ನಿಂತಿದ್ದರು.

ಗುಂಪಿನಲ್ಲಿ ಆ ಊರಿನವರಲ್ಲದ ಹುಡುಗರೂ ಇದ್ದರು, ಮೊಬೈಲ್ ಎತ್ತಿ ಹಿಡಿದು ನನ್ನ ಬಾಯನ್ನೇ ನೋಡುತ್ತಿದ್ದರು. "ವಿಷ" ಎಂಬ ಒಂದು ಶಬ್ದ ನನ್ನಿಂದ ಹೊರಬಿದ್ದರೆ ಸಂಜೆಯೊಳಗೆ ಲಾಲಸಾಬರ ಮನೆ ಉಳಿಯುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆಗ ರಸ್ತೆಯ ಮೇಲೆ ಒಂದು ಟಂಟಂ ಆಟೊ ನಿಂತು ಮೂವರು ಇಳಿದರು. ಮುಂದೆ ಬಂದವರು ದೇವಮ್ಮ, ವಾಡಿಯ ರೈಲ್ವೆ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು, ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು. ಅವರ ಹಿಂದೆ ಚಿಂಚೋಳಿ ಕಡೆಯ ಒಬ್ಬ ಜಂಗಮ ಅಯ್ಯನವರು, ಸೇಡಂನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ, ಕುರಾನ್ ಪೂರ್ತಿ ಬಾಯಿಪಾಠವಿದ್ದ ಒಬ್ಬ ಹಾಫಿಜರು. ಸುತ್ತಲ ಐದೂರಿನ ಕೆಲವರು ಸೇರಿ ಕಟ್ಟಿಕೊಂಡ ಬಳಗ ಅವರದು. ಶಹಾಬಾದದ ಕಲ್ಲಿನ ಗಣಿಯಲ್ಲಿ ಹೆಣ್ಣಾಳಿಗೆ ಕಡಿಮೆ ಕೂಲಿ ಕೊಟ್ಟಾಗ ಧರಣಿ ಕೂತವರು, ಒಂದು ಹಳ್ಳಿಯ ಚಹಾ ಅಂಗಡಿಯಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟಿದ್ದನ್ನು ಬಿಡಿಸಿದವರು, ಎಲ್ಲಿ ಜಾತಿ ಧರ್ಮದ ಜಗಳ ಹೊಗೆಯಾಡಿದರೂ ಬುತ್ತಿ ಕಟ್ಟಿಕೊಂಡು ಹೋಗಿ ಕೂರುವವರು ಎಂದು ಕೇಳಿದ್ದೆ.

ನನಗೆ ಅವರ ಮೇಲೂ ನಂಬಿಕೆಯಿರಲಿಲ್ಲ. ಶಾಂತಿ ಮಾಡಿಸುವವರಿಗೆ ಸತ್ಯಕ್ಕಿಂತ ಬೇಗ ಮುಗಿಯುವುದೇ ಮುಖ್ಯವಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. ವಿಷ ಅಲ್ಲ ಅಂತ ಒಂದು ಮಾತು ಹೇಳಿಬಿಡಿ ಎಂದು ಈ ಹೆಂಗಸು ಕಿವಿಯಲ್ಲಿ ಊದುತ್ತಾರೆ, ನಾನು ಬೈದು ಕಳಿಸುತ್ತೇನೆ ಎಂದು ಸಿದ್ಧಳಾಗಿಯೇ ನಿಂತೆ. ದೇವಮ್ಮ ಬಂದು ಎಲ್ಲರಿಗೂ ಕೇಳುವ ಹಾಗೇ ಹೇಳಿದರು:

"ನೀವು ಏನ್ ಹೇಳಬೇಕಂತ ಹೇಳಲಿಕ್ಕೆ ನಾ ಬಂದಿಲ್ಲ ಮೇಡಮ್. ನಿಮಗ ಗೊತ್ತಿದ್ದದ್ದು ಜೋರಾಗಿ ಹೇಳ್ರಿ, ಗೊತ್ತಿಲ್ಲದ್ದೂ ಜೋರಾಗಿ ಹೇಳ್ರಿ. ನೀವು ಸುಮ್ಮನಿದ್ರ ಆ ಜಾಗಾ ಮಂದಿ ತುಂಬ್ತಾರ."

ನನ್ನ ಇಲಾಖೆಯಲ್ಲಿ ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ. ಮಾದರಿ ತೆಗೆ, ಸೀಲ್ ಮಾಡು, ಪ್ರಯೋಗಾಲಯಕ್ಕೆ ಕಳಿಸು, ವರದಿ ಬರುವವರೆಗೆ ತುಟಿ ಬಿಚ್ಚಬೇಡ ಎಂಬುದೇ ನಮ್ಮ ಪಾಠ. ಆದರೆ ಎತ್ತು ಸಾಯುತ್ತಿತ್ತು, ಯೋಚಿಸಲು ಹೊತ್ತಿರಲಿಲ್ಲ. ಮಂಡಿಯೂರಿ ಕೂತು, ನೋಡಿದ್ದನ್ನೆಲ್ಲ ಕೂಗಿ ಹೇಳತೊಡಗಿದೆ. ಕೀಟನಾಶಕ ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಜೊಲ್ಲು ಧಾರೆಯಾಗಿ ಸುರಿಯುತ್ತದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಇಲ್ಲಿ ಪಾಪೆ ಅಗಲವಾಗಿತ್ತು. ರೆಪ್ಪೆ ಮಗುಚಿದರೆ ಒಳಗೆ ಕುಂಕುಮದಷ್ಟು ಕೆಂಪು. ಉಸಿರುಗಟ್ಟುತ್ತಿರುವ ಪ್ರಾಣಿಯ ಒಸಡು ನೀಲಿಗಟ್ಟಬೇಕಿತ್ತು, ಇದರದ್ದು ಕೆಂಪಗೆ ಹೊಳೆಯುತ್ತಿತ್ತು. ಇದು ಸಯನೈಡಿನ ಲಕ್ಷಣ, ಮತ್ತು ನಮ್ಮ ಸೀಮೆಯಲ್ಲಿ ದನಗಳಿಗೆ ಅದು ಸಿಗುವುದು ಜೋಳದ ಕೂಳೆಯಲ್ಲಿ, ಎಂದರೆ ಕೊಯ್ದು ಉಳಿದ ಬುಡದಿಂದ ಮತ್ತೆ ಒಡೆಯುವ ಎಳೆ ಚಿಗುರಿನಲ್ಲಿ.

"ಬ್ಯಾಸಗ್ಯಾಗ ಹಸೀ ಚಿಗುರು ಎಲ್ಲಿಂದ ಬರ್ತದ್ರಿ?" ಎಂದು ಹಿಂದಿನಿಂದ ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆಯೇ. ನನಗೆ ಗೊತ್ತಿಲ್ಲ ಅಂದೆ. ಸಯನೈಡ್ ಇಳಿಸುವ ಸೋಡಿಯಂ ಥಯೋಸಲ್ಫೇಟ್ ಎಂಬ ಮದ್ದು ನನ್ನ ಬ್ಯಾಗಿನಲ್ಲಿತ್ತು. ಸಿರಿಂಜಿಗೆ ತುಂಬಿಕೊಂಡು ಎದ್ದರೆ ಮಲ್ಲಣ್ಣ ಎತ್ತಿಗೆ ಅಡ್ಡ ನಿಂತಿದ್ದಾನೆ. ಅವನ ಬೆನ್ನ ಹಿಂದಿದ್ದ ಹೊರಗಿನ ಹುಡುಗನೊಬ್ಬ, "ಇಂಜೆಕ್ಷನ್ ಮಾಡಿಸಬ್ಯಾಡ ಮಲ್ಲಣ್ಣ, ಮದ್ದು ಮೈಯಾಗ ಹೋದ್ರ ವಿಷದ ಪುರಾವೆನೇ ಉಳಿಯಂಗಿಲ್ಲ. ಇವರೆಲ್ಲಾ ಒಂದೇ" ಎನ್ನುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ದೇವಮ್ಮನವರು ನನ್ನ ತೋಳು ಹಿಡಿದು ಹಿಂದೆ ಸರಿಸಿ ಮಲ್ಲಣ್ಣನ ಎದುರು ಹೋದರು.

"ಮಲ್ಲಣ್ಣ, ನಿಂಗ ಎತ್ತು ಬೇಕೋ, ಕೇಸ್ ಬೇಕೋ?"

ಮಲ್ಲಣ್ಣ ಎತ್ತನ್ನು ನೋಡಿದ. ಕರುವಾಗಿದ್ದಾಗಿನಿಂದ ಅವನೇ ಸಾಕಿದ್ದನಂತೆ. ಕೆಳಗೆ ಕೂತು ಎತ್ತಿನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡ. ನಾನು ಕುತ್ತಿಗೆಯ ರಕ್ತನಾಳಕ್ಕೆ ಮದ್ದು ಕೊಟ್ಟೆ. ಸ್ವಲ್ಪ ಹೊತ್ತಿಗೆ ಉಸಿರು ಹತೋಟಿಗೆ ಬಂತು, ಆಮೇಲೆ ಕಿವಿ ಆಡಿತು. ಬಿಸಿಲು ಏರುವ ಮೊದಲೇ ಎತ್ತು ತೂರಾಡುತ್ತ ಎದ್ದು ನಿಂತಿತು. 

ಸತ್ತವುಗಳ ಶವಪರೀಕ್ಷೆಯನ್ನೂ ದೇವಮ್ಮ ಎಲ್ಲರೆದುರೇ ಮಾಡಿಸಿದರು, ಎರಡೂ ಕಡೆಯ ನಾಲ್ಕು ನಾಲ್ಕು ಜನರನ್ನು ಹತ್ತಿರ ನಿಲ್ಲಿಸಿಕೊಂಡು. ನನಗಂತೂ ಅವರಲ್ಲಿ ಯಾರಾದರೂ ನನ್ನ ಮಾದರಿ ಬಾಟಲಿಯಲ್ಲಿ ಏನಾದರೂ ಉದುರಿಸಿಯಾರು ಎಂಬ ಗುಮಾನಿ, ಬಾಟಲಿಗಳನ್ನು ಕಾಲ ಸಂದಿಯಲ್ಲಿಟ್ಟುಕೊಂಡೇ ಕೆಲಸ ಮಾಡಿದೆ. ಹೊಟ್ಟೆಯಲ್ಲಿ ಹಸಿರು ಎಲೆ ಕಂಡಿತು. ಅದನ್ನು ಹುಡುಕಿಕೊಂಡು ಬದುವಿನ ಗುಂಟ ಹೋದರೆ, ಒಡೆದ ಪೈಪಿನಿಂದ ನೀರು ಜಿನುಗಿ ಮೂಲೆಯಲ್ಲಿ ಒಂದು ಪಟ್ಟಿಯಷ್ಟು ಕೂಳೆ ಸೊಂಪಾಗಿ ಒಡೆದಿತ್ತು. ಮಲ್ಲಣ್ಣನ ಬಂಡಿ ಒಡೆದ ಪೈಪು ಅದು. ಒಡೆದವನೇ ಜೋಡಿಸಲಿ ಎಂದು ಲಾಲಸಾಬರು ಹಟಕ್ಕೆ ಬಿದ್ದು ಹಾಗೇ ಬಿಟ್ಟಿದ್ದರಂತೆ. ಇದನ್ನು ನನಗೆ ಹೇಳಿದ್ದು ಪಕ್ಕದ ಹೊಲದವರು.

ಇಲ್ಲಿಗೆ ಮುಗಿಯಿತು ಎಂದು ನಾನು ಆಸ್ಪತ್ರೆಗೆ ಮರಳಿದೆ. ಮಧ್ಯಾಹ್ನದ ಹೊತ್ತಿಗೆ ನಾನು ಇಂಜೆಕ್ಷನ್ ಕೊಡುವ ವಿಡಿಯೊ ಎಲ್ಲರ ಫೋನಿನಲ್ಲಿತ್ತು, ಅದರ ಜೊತೆಗೊಂದು ಪ್ರಶ್ನೆ: ಸರಿಯಾದ ಮದ್ದು ಈ ಡಾಕ್ಟರಮ್ಮನ ಬ್ಯಾಗಿನಲ್ಲಿ ಮೊದಲೇ ಹೇಗೆ ಬಂತು? ಚಿಗುರಿಗೇ ಲಾಲಸಾಬ ವಿಷ ಹೊಡೆದಿದ್ದಾನೆ, ಡಾಕ್ಟರಿಗೆ ಮುಂಚೆಯೇ ಗೊತ್ತಿತ್ತು ಎಂಬುದು ಅದರ ಸಾರ. ಸಂಜೆಗೆ ಲಾಲಸಾಬರು ಹೆಂಡತಿ, ಸೊಸೆ, ಮೊಮ್ಮಕ್ಕಳನ್ನು ಚಿತ್ತಾಪುರದ ಬೀಗರ ಮನೆಗೆ ಕಳಿಸಿ ಒಬ್ಬರೇ ಉಳಿದರು. ಜೀವ ಉಳಿಸಿದ್ದೇ ಅಪರಾಧವಾಯಿತಲ್ಲ ಎಂದು ನಾನು ದೇವಮ್ಮನವರಿಗೆ ಫೋನ್ ಮಾಡಿ ಕೂಗಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಸಿಟ್ಟು ಮಾಡಬ್ಯಾಡ್ರಿ. ಅವರು ಕೇಳಿದ್ದು ಪ್ರಶ್ನೆ ಅದ, ಉತ್ತರ ಕೊಡ್ರಿ" ಅಂದರು.

ಆ ರಾತ್ರಿ ಬಳಗದವರು ಊರು ಬಿಡಲಿಲ್ಲ. ಅಯ್ಯನವರು ಲಾಲಸಾಬರ ಕಟ್ಟೆಯ ಮೇಲೆ ಮಲಗಿದರು, ಹಾಫಿಜರು ಮಲ್ಲಣ್ಣನ ಕೊಟ್ಟಿಗೆಯಲ್ಲಿ, ಆ ಎತ್ತಿನ ಪಕ್ಕ. ಬೆಳಗಿನ ಸಹರಿಗೆ, ಎಂದರೆ ಉಪವಾಸ ಹಿಡಿಯುವ ಮೊದಲಿನ ಊಟಕ್ಕೆ, ಮಲ್ಲಣ್ಣನ ತಾಯಿಯೇ ಹಾಫಿಜರಿಗೆ ರೊಟ್ಟಿ ಬಡಿದುಕೊಟ್ಟರಂತೆ. ಇದೆಲ್ಲ ಪೇಪರಿನ ಫೋಟೊಗಾಗಿ ಮಾಡಿದ್ದು ಎಂದುಕೊಂಡೆ. ಆದರೆ ಫೋಟೊ ಯಾರೂ ತೆಗೆದಿರಲಿಲ್ಲ.

ಮರುದಿನ ನಾನು ಕಲಬುರಗಿಯ ಪ್ರಯೋಗಾಲಯದ ಗೆಳತಿಯಿಂದ ಪಿಕ್ರೇಟ್ ಕಾಗದ ತರಿಸಿದೆ. ಇದು ಹಳದಿ ಬಣ್ಣದ ಕಾಗದದ ಪಟ್ಟಿ. ಜಜ್ಜಿದ ಎಲೆಯ ಬಾಟಲಿಯಲ್ಲಿ ತೂಗುಬಿಟ್ಟು ಮುಚ್ಚಳ ಹಾಕಿದರೆ, ಎಲೆಯಿಂದ ಸಯನೈಡ್ ಹೊರಟಿದ್ದಲ್ಲಿ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ಶಾಲೆಯ ಅಂಗಳದಲ್ಲಿ ಊರು ಸೇರಿತ್ತು, ಸಬ್ ಇನ್‌ಸ್ಪೆಕ್ಟರ್ ಕೂಡ ಬಂದಿದ್ದರು. ಲಾಲಸಾಬರು ಗೋಡೆಗೆ ಒರಗಿ ನಿಂತಿದ್ದರು. ಇಂಥ ಕೇಸು ಹೆಚ್ಚುಕಡಿಮೆ ಪ್ರತಿ ವರ್ಷ ಬರುವುದರಿಂದ ಆ ಮದ್ದು ಬ್ಯಾಗಿನಲ್ಲಿ ಸದಾ ಇರುತ್ತದೆ ಎಂದು ಮೊದಲೇ ಹೇಳಿದೆ. ಆಮೇಲೆ ನಾನು ಒಂದೂ ಎಲೆ ಮುಟ್ಟಲಿಲ್ಲ. ಲಾಲಸಾಬರ ಹೊಲದ ಚಿಗುರನ್ನು ಮಲ್ಲಣ್ಣನ ತಮ್ಮ ಕಿತ್ತು ತಂದ. ಇನ್ನೊಂದು ಬಾಟಲಿಗೆ ಮಲ್ಲಣ್ಣ ತನ್ನದೇ ಬಾವಿಯ ಕಾಲುವೆ ಪಕ್ಕದ ಕೂಳೆ ಜಜ್ಜಿ ಹಾಕಿದ. ಮೂರನೆಯದಕ್ಕೆ ತೊಟ್ಟಿಯ ನೀರು.

ಮೊದಲ ಬಾಟಲಿಯ ಕಾಗದ ಕಿತ್ತಳೆಯಾಗಿ, ಕೆಂಪಾಯಿತು. ಗುಂಪಿನಲ್ಲಿ ಗುಜುಗುಜು ಎದ್ದಿತು. ಮಲ್ಲಣ್ಣ ತನ್ನ ಬಾಟಲಿಯನ್ನು ಕೈಯಲ್ಲೇ ಹಿಡಿದು ಕೂತಿದ್ದ. ಅದೂ ಹಾಗೇ ಕೆಂಪಾಯಿತು. ನೀರಿನದು ಹಳದಿಯಾಗಿಯೇ ಉಳಿಯಿತು.

"ನೀರಾಗ ಬ್ಯಾರೆ ವಿಷ ಇದ್ರ ಈ ಕಾಗದಕ್ಕ ತಿಳೀತದೇನ್ರಿ?" ಎಂದು ಒಬ್ಬ ಮುದುಕರು ಕೇಳಿದರು.

"ತಿಳಿಯುವುದಿಲ್ಲ" ಅಂದೆ. "ಅದಕ್ಕೆ ಪ್ರಯೋಗಾಲಯದ ವರದಿ ಬೇಕು, ಬಂದ ಕೂಡಲೇ ಇಲ್ಲೇ ಬಂದು ಓದುತ್ತೇನೆ. ನಿನ್ನೆಯೂ ಇವತ್ತೂ ಇದೇ ನೀರು ಕುಡಿದ ಊರ ಆಡುಗಳು ಆರಾಮಾಗಿವೆ, ಸದ್ಯಕ್ಕೆ ನನಗೆ ಗೊತ್ತಿರುವುದು ಅಷ್ಟೇ."

ಗೊತ್ತಿಲ್ಲ ಎಂದದ್ದಕ್ಕೆ ಜನ ನನ್ನನ್ನು ಹೆಚ್ಚು ನಂಬಿದರು. ಇದು ನನಗೆ ಆಶ್ಚರ್ಯವೇ. ಹೊರಗಿನ ಹುಡುಗರು ಮರುದಿನದಿಂದ ಆ ಕಡೆ ಬರಲಿಲ್ಲ. ಎರಡೂ ಹಬ್ಬ ಸದ್ದಿಲ್ಲದೆ ಕಳೆದವು. ವರದಿ ಬಂದ ದಿನ ಶಾಲೆಯ ಅಂಗಳದಲ್ಲಿ ನಿಂತು ಓದಿದೆ: ಸಯನೈಡ್ ಇದೆ, ಕೀಟನಾಶಕ ಇಲ್ಲ.

ಅಲ್ಲಿಂದ ದೇವಮ್ಮನವರ ಜೊತೆ ಲಾಲಸಾಬರ ಮನೆಗೆ ಹೋದೆ. ಒಳ್ಳೆಯ ಸುದ್ದಿ ತಂದವಳ ಹುಮ್ಮಸ್ಸು ನನ್ನದು. ಮನೆಯವರು ಇನ್ನೂ ಚಿತ್ತಾಪುರದಿಂದ ಬಂದಿರಲಿಲ್ಲ. ಲಾಲಸಾಬರೂ ಅಲ್ಲಿಗೇ ಹೋಗುವವರಿದ್ದರು, ಹೊಲವನ್ನು ಪಾಲಿಗೆ ಕೊಡುವ ಮಾತು ನಡೆದಿತ್ತು. ಈಗ ಎಲ್ಲ ಸಾಬೀತಾಯಿತಲ್ಲ, ಯಾಕೆ ಹೋಗುತ್ತೀರಿ ಅಂದೆ. ಅವರು ಚಹಾ ಕೊಟ್ಟು, ಎದುರು ಕೂತು ಮೆಲ್ಲಗೆ ಹೇಳಿದರು:

"ನೀವು ಎಲ್ಲಾ ಕೇಳಿದ್ರಿ ಮೇಡಮ್. ನೀರ ಕೇಳಿದ್ರಿ, ಎಲಿ ಕೇಳಿದ್ರಿ, ಸತ್ತ ಎತ್ತಿನ ಹೊಟ್ಟಿ ಕೇಳಿದ್ರಿ. ನಾ ಅಲ್ಲೇ ನಿಂತಿದ್ದೆ. ನನ್ನ ಒಬ್ಬರೂ ಕೇಳಲಿಲ್ಲ."

ನಾನು ದೇವಮ್ಮನವರ ಮುಖ ನೋಡಿದೆ. ಅವರೂ ಕೇಳಿರಲಿಲ್ಲ. ಕೇಳಿದರೆ ಅವಮಾನ ಮಾಡಿದಂತೆ ಎಂದು ಬಿಟ್ಟಿದ್ದರಂತೆ. ಲಾಲಸಾಬರನ್ನು ಕಾಯಲು ಕಟ್ಟೆಯ ಮೇಲೆ ಜನರನ್ನು ಮಲಗಿಸಿದವರು ಅವರ ಬಾಯಿಂದ ಒಂದು ಮಾತು ಕೇಳಿರಲಿಲ್ಲ. ದೇವಮ್ಮ ಚಹಾದ ಕಪ್ಪು ಕೆಳಗಿಟ್ಟು ಎದ್ದು ಹೊರಗೆ ಹೋದರು. ಬರುವಾಗ ಮಲ್ಲಣ್ಣ ಜೊತೆಗಿದ್ದ.

ಮಲ್ಲಣ್ಣ ಹೊಸ್ತಿಲ ಹೊರಗೇ ನಿಂತ. ಊರೆಲ್ಲ ವರದಿ ಕೇಳಿದ ಮೇಲೆ ಕೇಳುವ ಪ್ರಶ್ನೆಯೇ ಅದು? ಆದರೂ ಕೇಳಿದ.

"ಕಾಕಾ, ನನ್ನ ಎತ್ತಿಗಿ ನೀವು ಏನರ ಹಾಕಿದ್ರೇನು?"

"ಇಲ್ಲಪಾ" ಅಂದರು ಲಾಲಸಾಬರು. ಅಷ್ಟು ದಿನ ಒಣಗಿದ್ದ ಕಣ್ಣು ಆಗ ತುಂಬಿ ಹರಿಯಿತು. ಮಲ್ಲಣ್ಣ ಒಳಗೆ ಬಂದು ಕೂತ. ನಾವಿಬ್ಬರೂ ಹೊರಗೆ ಬಂದೆವು. ಲಾಲಸಾಬರು ಊರು ಬಿಡಲಿಲ್ಲ ಎಂದು ಆಮೇಲೆ ತಿಳಿಯಿತು.

ನನ್ನ ಸಂಶಯದ ಗುಣ ಹೋಗಿಲ್ಲ, ಹೋಗಬೇಕೆಂದೂ ಇಲ್ಲ, ಅದು ನನ್ನ ಕಸುಬು. ಆದರೆ ಅಂದಿನಿಂದ ಯಾರ ಮೇಲೆ ಅನುಮಾನವಿದೆಯೋ ಅವರ ಎದುರು ಹೋಗಿ ಮೊದಲು ಅವರನ್ನೇ ಕೇಳುತ್ತೇನೆ, ಮಾತು ಮುಗಿಯುವವರೆಗೆ ನಿಲ್ಲುತ್ತೇನೆ. ಸುಳ್ಳು ಹೇಳುವವರು ಹೇಳಲಿ. ಬಾಟಲಿಯ ಮುಚ್ಚಳ ಆಮೇಲೆ ತೆರೆದರಾಯಿತು.