ಅರೆಯುವ ಕಲ್ಲಿನ ಗೋರಿ

ಬೆಂಟ್ಸಿವಾ ಹೊಗೆಮೀನು ಮಾರುವವಳು. ಒಲೆಯ ಮೇಲೆ ಹಾಸುವ ತಂತಿಬಲೆಯನ್ನು ಮೂವತ್ತು ವರ್ಷ ನನ್ನ ಅಂಗಡಿಯಲ್ಲೇ ಕೊಂಡಳು. ಪ್ರತಿ ಸಲವೂ ಹಳೇ ಮಾಲು ಎಂದು ಬೈದೇ ಕೊಂಡಳು. ಅಂಗಡಿಯ ಎದುರಿಗೇ ಚರ್ಚು, ಅದರ ಪಕ್ಕ ಗೋರಿಗಳು. ಹಡಗಿನಲ್ಲಿ ಬಂದ ಅಮೃತಶಿಲೆಯ ಶಿಲುಬೆಗಳ ನಡುವೆ ಒಂದು ಕಪ್ಪು ಕಲ್ಲು. ಅದು ಮೆಣಸಿನಕಾಯಿ ಅರೆಯುವ ಕಲ್ಲು. ಅರೆದೂ ಅರೆದೂ ಸವೆದ ಗುಳಿಯಲ್ಲಿ ಯಾರೋ ಶಿಲುಬೆ ಕೆತ್ತಿ ನೆಟ್ಟಿದ್ದರು. ಹೆಸರಿಲ್ಲ.

ಅದರ ಕೆಳಗಿದ್ದದ್ದು ಬೆಂಟ್ಸಿವಾಳ ತಾಯಿಯ ಅಜ್ಜಿ. ಅಮೃತಶಿಲೆಯ ಹನ್ನೊಂದು ಗೋರಿಗಳ ಒಡೆಯರಾದ ಕ್ವಾನ್ಸಾ ಮನೆಯವರು ಉತ್ತರದ ಗುಲಾಮರ ಸಂತೆಯಲ್ಲಿ ಕೊಂಡು ತಂದ ಹೆಂಗಸು. ಹಿರಿಯರಿಗೆಲ್ಲ ಗೊತ್ತು, ಯಾರೂ ಆಡುವುದಿಲ್ಲ. ನಮ್ಮ ಕರಾವಳಿಯಲ್ಲಿ ಒಬ್ಬರ ಮೂಲ ಕೆದಕುವುದು ತಪ್ಪು. ಕೊಂಡು ತಂದವಳ ಮಕ್ಕಳೂ ಮನೆಯ ಮಕ್ಕಳೇ. ಆದರೆ ತಾಯಿಯ ಕಡೆಯಿಂದ ಆಸ್ತಿ ಇಳಿಯುವ ಜನ ನಾವು. ತಾಯಿಯ ಬೇರು ಹೊರಗಿನದು ಎಂಬ ಮಾತು ಒಮ್ಮೆ ಹೊರಬಿದ್ದರೆ 'ನಿನಗಿಲ್ಲಿ ಏನಿದೆ' ಎನ್ನುವ ಹುಡುಗರಿಗೆ ಬರವಿಲ್ಲ. ಬೆಂಟ್ಸಿವಾಳ ಕೋಣೆ, ಐದು ಒಲೆ, ಎಲ್ಲ ಕ್ವಾನ್ಸಾ ಮನೆಯ ಹಿತ್ತಲಲ್ಲೇ.

ಆ ವರ್ಷ ಚರ್ಚಿನವರು ಸಭಾಂಗಣ ಕಟ್ಟಲು ಹೊರಟರು. ಈಸ್ಟರ್‌ಗೆ ಎಲ್ಲರೂ ಊರಿಗೆ ಬಂದಾಗ ಉಪದೇಶಿ ಅಬಾಕಾ ಗೋರಿ ಗೋರಿಗೂ ನಿಂತು ಯಾರದೆಂದು ಕೇಳುತ್ತಾನಂತೆ. ಯಾರೂ ತಮ್ಮದೆನ್ನದ ಕಲ್ಲನ್ನು ಒಡೆದು ಪಾಯಕ್ಕೆ ಹಾಕುತ್ತಾರಂತೆ.

"ನಂದು ಅಂದ್ರೆ, ನಿಂಗೇನಾಗ್ಬೇಕು ಅಂತ ಕೇಳ್ತಾನೆ ಅಣ್ಣಾ," ಎಂದಳು ಬೆಂಟ್ಸಿವಾ. "ಅನ್ನದೇ ಇದ್ರೆ ಕಣ್ಣೆದುರೇ ಒಡೀತಾರೆ."

"ಮನೆ ಯಜಮಾನ ಇದಾನಲ್ಲ, ನೀನು ಮಾವ ಅನ್ನೋನು. ಅವನ್ನ ಕೇಳು."

"ಕೇಳೋದೂ ಒಂದೇ, ಅವಳು ಯಾರು ಅಂತ ಬಾಯ್ಬಿಟ್ಟು ಹೇಳೋದೂ ಒಂದೇ."

ಆ ವಾರ ಅವಳ ಮೀನು ಎರಡು ಸಲ ಸೀದುಹೋಯಿತು. ನನ್ನ ಬಲೆಯದೇ ತಪ್ಪಂತೆ.

ಈಸ್ಟರ್ ಮರುದಿನ ಅಬಾಕಾ ಪುಸ್ತಕ ಹಿಡಿದು ಕಪ್ಪು ಕಲ್ಲಿನ ಮುಂದೆ ನಿಂತ. "ಇದು ಯಾರ್ದು?"

ಬೆಂಟ್ಸಿವಾ ಬಾಯಿ ತೆರೆದಳು. ನೆರೆದವರನ್ನು ನೋಡಿ ಮುಚ್ಚಿಕೊಂಡಳು.

"ಯಾರ್ದೂ ಅಲ್ವಾ?" ಅವನು ಗೀಟೆಳೆಯಲು ಪೆನ್ನು ತೆಗೆದ.

"ನಮ್ಮಜ್ಜಿದು," ಎಂದ ಯಜಮಾನ ಕ್ವಾನ್ಸಾ.

ರಾಜಧಾನಿ ಆಕ್ರಾದಿಂದ ಬಂದಿದ್ದ ಅವನ ಸೋದರಳಿಯ ನಕ್ಕ. "ನಿಮ್ಮಜ್ಜಿ ಅಲ್ಲಿ ಅಮೃತಶಿಲೆ ಕೆಳಗಿದಾರಲ್ಲ ಮಾವ?"

"ನಿಂಗೆ ಒಬ್ಬಳೇ ಅಜ್ಜೀನಾ? ಪಾಪ."

ಸುತ್ತ ನಿಂತವರು ನಕ್ಕರು. ಬೆಂಟ್ಸಿವಾ ನಗಲಿಲ್ಲ.

"ಹೆಸರು?" ಎಂದ ಅಬಾಕಾ.

"ಅಜ್ಜೀನ ಹೆಸರು ಹಿಡಿದು ಕರೀತೀಯಾ ನೀನು? ಬರ್ಕೋ, ಕ್ವಾನ್ಸಾ ಮನೆ ಅಜ್ಜಿ."

ಹೊರಡುವಾಗ ಮುದುಕ ಬೆಂಟ್ಸಿವಾಳತ್ತ ತಿರುಗದೆಯೇ ಹೇಳಿದ: "ನಮ್ಮ ಗೋರಿಗಳಿಗೆ ಈ ಸಲ ಸುಣ್ಣ ಆಗಿಲ್ಲ. ನೋಡ್ಕೋ."

ಸಂಜೆ ಅವಳು ಸುಣ್ಣಕ್ಕೆ ಬಂದಳು.

"ಕಲ್ಲು ಉಳೀತಲ್ಲ, ಇನ್ನೇನು ಮುಖ ಹಾಗೆ?" ಎಂದೆ.

"ಸುಣ್ಣದ ಮಾತು ಮಾವ ಮನೆ ಮಗಳಿಗೆ ಹೇಳೋ ಹಾಗೆ ಹೇಳಿದ್ರಾ, ಆಳಿಗೆ ಹೇಳೋ ಹಾಗೆ ಹೇಳಿದ್ರಾ, ಗೊತ್ತಾಗ್ಲಿಲ್ಲ ಅಣ್ಣಾ."

"ಕೇಳ್ಬೇಕಿತ್ತು."

"ನೀನಾಗಿದ್ರೆ ಕೇಳ್ತಿದ್ಯಾ?"

ನಾನು ತಕ್ಕಡಿ ಒರೆಸಿದೆ.

"ಹನ್ನೊಂದು ಗೋರಿಗೆ ಆಗೋಷ್ಟು ಕೊಡು," ಎಂದಳು. ಆಮೇಲೆ ರಸ್ತೆಯ ಎರಡೂ ಕಡೆ ನೋಡಿ, ದನಿ ತಗ್ಗಿಸಿ, "ಅಲ್ಲ, ಹನ್ನೆರಡು."