ಶೀನ ಮಾವನ ಬಟಾಟೆ ಪರೀಕ್ಷೆ

ಯಾರ ಮನೆಗೆ ಹೋದರೂ ಶೀನ ಮಾವ ಮೊದಲು ಕೇಳುತ್ತಿದ್ದದ್ದು, “ಸಂಡಾಸ್ ಯಾವ ಕಡೆ?” ಎಂದು. ಅವಸರವೇನೂ ಇರುತ್ತಿರಲಿಲ್ಲ. ಒಳಗೆ ಹೋಗಿ, ಷರ್ಟಿನ ಜೇಬಿನಿಂದ ಪೇಪರಿನಲ್ಲಿ ಸುತ್ತಿದ ಬಟಾಟೆ ತುಂಡನ್ನು ತೆಗೆದು ಹಾಕಿ, ಫ್ಲಶ್ ಮಾಡಿ, ಕಿವಿಗೊಟ್ಟು ನಿಲ್ಲುತ್ತಿದ್ದರು. ತುಂಡು ಒಂದೇ ಸಲಕ್ಕೆ ಹೋದರೆ ಹೊರಗೆ ಬಂದು ಖುಷಿಯಿಂದ ಚಹಾ ಕುಡಿಯುತ್ತಿದ್ದರು. ಹೋಗದಿದ್ದರೂ ಕುಡಿಯುತ್ತಿದ್ದರು. ಆದರೆ ಆ ಮನೆಯವರ ಮಾತನ್ನು ಮತ್ತೆ ಪೂರ್ತಿ ನಂಬುತ್ತಿರಲಿಲ್ಲ.

ಡೊಂಬಿವಲಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ನೆಂಟರಲ್ಲ, ನಾವು ಮಾವ ಎಂದು ಕರೆದು ನೆಂಟರನ್ನಾಗಿ ಮಾಡಿಕೊಂಡವರು. ಉಡುಪಿ ಕಡೆಯವರು, ಠಾಣೆಯ ಹೋಟೆಲೊಂದರ ಮ್ಯಾನೇಜರ್. “ಹಾಲ್ ಬಂದವರಿಗೆ ಬೇಕಾದ ಹಾಗೆ ಇರ್ತದೆ ಮಾರಾಯ್ತಿ. ಸಂಡಾಸ್ ಮನೆಯವರು ಇದ್ದ ಹಾಗೆ ಇರ್ತದೆ,” ಎನ್ನುವುದು ಅವರ ಸಿದ್ಧಾಂತ.

ಅವರ ಮನೆಯ ಸಂಡಾಸ್ ಹಳೇ ಕಾಲದ್ದು. ಛಾವಣಿಯ ಹತ್ತಿರ ಕಬ್ಬಿಣದ ಟಾಂಕಿ, ಅದಕ್ಕೊಂದು ಚೈನು. ಬೆಳಿಗ್ಗೆ ಮಾವ ಚೈನು ಎಳೆದರೆ ಕಟ್ಟಡದ ಪೈಪುಗಳೆಲ್ಲ ನಡುಗುತ್ತಿದ್ದವು. ಕೆಳಗಿನ ಮನೆಯವರು ಆ ಸದ್ದಿಗೇ ಎದ್ದು ಹಾಲು ಕಾಯಿಸಲು ಇಡುತ್ತಿದ್ದರು. ಬಟಾಟೆ ತುಂಡಂತೂ ಹೇಳಹೆಸರಿಲ್ಲದಂತೆ ಹೋಗುತ್ತಿತ್ತು.

“ಒಂದು ಎಳೆತಕ್ಕೆ ಒಂದು ಬಕೆಟ್ ನೀರು! ನಳ್ಳಿಯಲ್ಲಿ ನೀರು ಬರುದೇ ಅಷ್ಟರಲ್ಲಿ ಉಂಟು. ನಾನು ಬಟ್ಟೆ ಒಗೆಯುದು ಎಂತದರಲ್ಲಿ?” ಎಂದು ಅವರ ಹೆಂಡತಿ ಗಿರಿಜಕ್ಕ ರೇಗುತ್ತಿದ್ದರು. ಅರ್ಧ ನೀರಿಗೊಂದು, ಪೂರ್ತಿ ನೀರಿಗೊಂದು ಎಂದು ಎರಡು ಬಟನ್ನಿನ ಹೊಸ ಕಮೋಡ್ ಹಾಕಿಸಬೇಕೆಂದು ಅವರಿಗೆ ಬಹಳ ಆಸೆ.

“ಹೊಸದು ನೀರು ಉಳಿಸ್ತದಂತೆ. ಮೂರು ಸಲ ಒತ್ತಬೇಕಾದ್ರೆ ಉಳಿದದ್ದೆಲ್ಲಿ? ಮತ್ತೆ ಆ ಎರಡು ಬಟನ್! ಒಳಗೆ ನಾನು ಎಂತ ಮಾಡಿದೆ ಅಂತ ಮಷಿನಿಗೆ ಯಾಕೆ ಹೇಳ್ಬೇಕು?” ಎಂದು ಮಾವ ಬಾಯಿ ಮುಚ್ಚಿಸುತ್ತಿದ್ದರು.

ಇದೆಲ್ಲ ನನಗೆ ತಮಾಷೆಯಾಗಿತ್ತು, ನನ್ನ ಮದುವೆಯ ಮಾತು ಬರುವ ತನಕ. ತುರ್ಭೆಯ ನನ್ನ ಆಫೀಸಿನಲ್ಲೇ ಕೆಲಸಕ್ಕಿದ್ದ ದಿನೇಶನನ್ನು ನಾನು ಮನಸ್ಸಿನಲ್ಲಿ ಒಪ್ಪಿಯಾಗಿತ್ತು. ಅಪ್ಪ ಮಾತ್ರ, “ಮನೆ ನೋಡಿ ಬರೋಣ, ಶೀನಣ್ಣ ಹೂಂ ಅಂದ್ರೆ ನನ್ನದೂ ಹೂಂ,” ಎಂದುಬಿಟ್ಟರು. ಮಾವನನ್ನು ಕೈಮುಗಿದು ಬೇಡಿಕೊಂಡೆ: “ಅಲ್ಲಿ ಒಂದು ದಿನ ಬಟಾಟೆ ಬೇಡ ಮಾವ.” ಅವರು ನಕ್ಕರು. ಜೇಬು ಉಬ್ಬಿಕೊಂಡೇ ಇತ್ತು.

ದಿನೇಶನದು ಘಣಸೋಲಿಯಲ್ಲಿ ಹೊಸ ಕಟ್ಟಡದ ಫ್ಲ್ಯಾಟು. ಅವನ ಅಮ್ಮ ಅವಲಕ್ಕಿ ತಂದಿಡುವಷ್ಟರಲ್ಲಿ ಮಾವ ಒಳಗೆ ಹೋಗಿಯಾಗಿತ್ತು. ಸುರ್ ಎಂದು ಸಣ್ಣ ಸದ್ದು ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು ಸುರ್. ಆಮೇಲೆ ಟಾಂಕಿ ತುಂಬುವ ಸದ್ದು. ಹಾಲ್‌ನಲ್ಲಿ ಕೂತಿದ್ದ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಮೂರನೆಯ ಸುರ್ ಆದ ಮೇಲೆ ಬಾಗಿಲು ತೆರೆದು ಮಾವ ಗಂಭೀರವಾಗಿ, “ಹುಡುಗನನ್ನು ಸ್ವಲ್ಪ ಕಳಿಸಿ,” ಎಂದರು.

ದಿನೇಶ ಹೋಗಿ ಬಗ್ಗಿ ನೋಡಿದ. ಇಲ್ಲೇ ಹುಟ್ಟಿ ಬೆಳೆದ ಅವನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. “ಅಂಕಲ್, ಯೇ ಆಲೂ ಹೈ ಕ್ಯಾ?”

“ಹೌದು, ಬಟಾಟೆಯೇ. ಹೋಗುದಿಲ್ಲ.”

“ನಹೀ ಜಾಯೇಗಾ ಅಂಕಲ್. ಫ್ಲಶ್ ನಯಾ ಹೈ, ಪರ್ ಬೇಕಾರ್ ಹೈ. ಹಮ್ ಲೋಗ್ ಬಾಲ್ಟಿ ರಖ್ತೇ ಹೈ.”

ಕೆಲಸಕ್ಕೆ ಬಾರದ ಫ್ಲಶ್ಶಿಗೆಂದು ಸಂಡಾಸಿನ ಬಾಗಿಲ ಹಿಂದೆ ಸದಾ ಇರುತ್ತಿದ್ದ ಆ ತುಂಬಿದ ಬಕೆಟನ್ನು, ಹುಡುಗಿಯ ಕಡೆಯವರು ಬರುತ್ತಾರೆಂದು ಅವನ ಅಮ್ಮ ಅಂದು ಬೆಳಿಗ್ಗೆಯಷ್ಟೇ ಬಾಲ್ಕನಿಯಲ್ಲಿ ಅಡಗಿಸಿಟ್ಟಿದ್ದರು. ದಿನೇಶ ಇಸ್ತ್ರಿ ಪ್ಯಾಂಟಿನ ಕಾಲು ಮಡಚಿ, ನಮ್ಮೆಲ್ಲರ ಮುಂದೆಯೇ ಹಾಲ್ ಉದ್ದಕ್ಕೂ ನೀರು ತುಳುಕಿಸುತ್ತ ಬಕೆಟ್ ಹೊತ್ತು ತಂದು ಸುರಿದ. ಬಟಾಟೆ ಹೋಯಿತು. ಅವನ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಸಂಬಂಧ ಕೈತಪ್ಪಿತೆಂದು ನಾನು ಅಳುವುದೊಂದು ಬಾಕಿ.

ಲಿಫ್ಟಿನಲ್ಲಿ ಅಪ್ಪ ಮೆಲ್ಲಗೆ ಕೇಳಿದರು, “ಹೇಗೆ ಶೀನಣ್ಣ?”

“ಫ್ಲಶ್ ನಾಪಾಸು. ಹುಡುಗ ಪಾಸು.”

“ಅದು ಹೇಗೆ?”

“ಬಕೆಟ್ ತಾನೇ ಎತ್ತಿಕೊಂಡು ಬಂದ, ನೋಡಿದ್ರಲ್ಲ? ತಾಯಿಯನ್ನು ಕರೀಲಿಲ್ಲ.”

ಮದುವೆಯಾಗಿ ಕೆಲವು ವರ್ಷಗಳ ಮೇಲೆ ನಾವು ಆ ನಾಪಾಸಾದ ಕಮೋಡ್ ತೆಗೆಸಿ ಒಳ್ಳೆಯದೊಂದನ್ನು ಹಾಕಿಸಿದೆವು. ಆ ಹೊತ್ತಿಗೆ ಮಾವ ಬಹಳ ಸೋತಿದ್ದರು. ಆದರೂ ಗಿರಿಜಕ್ಕನ ಕೈ ಹಿಡಿದುಕೊಂಡು ಪರೀಕ್ಷೆಗೆ ಬಂದರು. ಬಟಾಟೆ ಹಾಕಿ, ಬೇಕೆಂದೇ ಸಣ್ಣ ಬಟನ್ ಒತ್ತಿದರು. ಒಂದೇ ಸಲಕ್ಕೆ, ಸದ್ದಿಲ್ಲದೆ, ತುಂಡು ಮಾಯ. ಗಿರಿಜಕ್ಕ ಗೆದ್ದವರ ಹಾಗೆ ನಿಂತರು.

“ಅರ್ಧ ನೀರಲ್ಲಿ ಹೋಯ್ತಲ್ಲ ಮಾರಾಯ್ತಿ! ನಮ್ಮ ಚೈನ್ ಸೋತಿತು,” ಎಂದು ಮಾವ ಒಪ್ಪಿಕೊಂಡರು. ಆಮೇಲೆ ಬಾಗಿಲ ಹಿಂದೆ ಇಣುಕಿ ಕೇಳಿದರು, “ಬಕೆಟ್ ಎಲ್ಲಿ?”

“ಈಗ ಯಾಕೆ ಮಾವ?”

“ಇರ್ಲಿ, ಇಡು. ಫ್ಲಶ್ ಒಳ್ಳೇದಾಯ್ತು ಅಂತ ಹುಡುಗ ಹಾಳಾಗುದು ಬೇಡ.”

ಅದೇ ಅವರ ಕೊನೆಯ ಭೇಟಿ. ಮಳೆಗಾಲಕ್ಕೆ ಮೊದಲೇ ತೀರಿಕೊಂಡರು. ಈಗ ಯಾರಾದರೂ ನಮ್ಮ ಮನೆಗೆ ಬಂದು ಸಂಡಾಸ್ ಯಾವ ಕಡೆ ಎಂದರೆ, ಅವರ ಷರ್ಟಿನ ಜೇಬಿನ ಕಡೆಗೆ ನನ್ನ ಕಣ್ಣು ಹೋಗುತ್ತದೆ. ಮಾವ ಇಲ್ಲವೆಂದು ನೆನಪಾಗಿ ಬೇಸರವೂ ಆಗುತ್ತದೆ. ಬಾಗಿಲ ಹಿಂದಿನ ಬಕೆಟನ್ನು ದಿನಾ ಬೆಳಿಗ್ಗೆ ದಿನೇಶನೇ ತುಂಬಿಸಿಡುತ್ತಾನೆ.